ಬಾಗಿಲಿಗಿಂತ ದೊಡ್ಡ ಕಪಾಟು

ಮಿಜಾರಿನ ನಮ್ಮ ಹಳೆಯ ಮನೆಯ ಒಳಕೋಣೆಯಲ್ಲಿ ಹಲಸಿನ ಮರದ ಒಂದು ಪತ್ತಾಯವುಂಟು. ಬೇಸಾಯವಿದ್ದ ಕಾಲದಲ್ಲಿ ವರ್ಷದ ಭತ್ತವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಕುಳಿತಿರುತ್ತಿದ್ದ ಈ ಪೆಟ್ಟಿಗೆ, ಯಾವ ಕಡೆಯಿಂದ ಅಳೆದರೂ ಆ ಕೋಣೆಯ ಬಾಗಿಲಿಗಿಂತ ದೊಡ್ಡದು. ಅದು ಒಳಗೆ ಬಂದುದಾದರೂ ಹೇಗೆ ಎಂಬುದು ನನ್ನ ಬಾಲ್ಯದ ಒಗಟು. ಕೇಳಿದರೆ ಅಜ್ಜಿ, “ಅದು ಇಲ್ಲೇ ಹುಟ್ಟಿದ್ದು ಮಗಾ” ಎನ್ನುತ್ತಿದ್ದರು. ವಿನೋದಕ್ಕೆ ಹೇಳಿದ ಮಾತೆಂದು ಬಗೆದಿದ್ದೆ. ಅದು ಅಕ್ಷರಶಃ ನಿಜವೆಂದು ತಿಳಿಯಲು ನಾನೇ ಒಂದು ಕಪಾಟನ್ನು ಮಾಡಿ ಬುದ್ಧಿ ಕಲಿಯಬೇಕಾಯಿತು.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಅಧ್ಯಾಪಕರಾಗಿದ್ದವರು. ಸಂಬಳದಲ್ಲಿ ಉಳಿಸಿ ಕೊಂಡ ಪುಸ್ತಕಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ, ಗೋಣಿಚೀಲಗಳಲ್ಲಿ ತುಂಬಿಸಿಟ್ಟಿದ್ದರು. ಅವುಗಳಲ್ಲೊಂದು ಚೀಲವನ್ನು ಗೆದ್ದಲು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿತ್ತು. “ಒಂದು ಕಪಾಟು ಆಗಬೇಕಿತ್ತು” ಎಂದು ಅವರು ಹೇಳುವುದು, “ಆಗಲಿ” ಎಂದು ನಾನು ಹೇಳುವುದು—ಹೀಗೆಯೇ ಹತ್ತು ವರ್ಷ ಕಳೆದಿತ್ತು. 2016ರ ಜೂನ್ ತಿಂಗಳ ಗಾಳಿಗೆ ತೋಟದಂಚಿನ ಹಲಸಿನ ಮರ ಉರುಳಿದಾಗ ನನ್ನ ನೆಪಗಳೂ ಅದರೊಡನೆ ಉರುಳಿದವು.

ಹಲಸಿನದು ಸಾಮಾನ್ಯ ಮರವಲ್ಲ. ಯಕ್ಷಗಾನದ ಮದ್ದಳೆಗೂ ತಂಜಾವೂರಿನ ವೀಣೆಗೂ ಒಡಲಾಗುವುದು ಅದೇ. ಬೌದ್ಧ ಭಿಕ್ಷುಗಳ ಚೀವರಕ್ಕೆ ಹಳದಿ ಬಣ್ಣವನ್ನು ಕೊಟ್ಟುದೂ ಅದರ ತಿರುಳೇ. ಕೊಯ್ದಾಗ ಅರಸಿನದಂತೆ ಹೊಳೆಯುವ ಹಲಗೆ ವರ್ಷಗಳು ಉರುಳಿದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಾಸ್ಯಗಾರ ಮಿಜಾರು ಅಣ್ಣಪ್ಪನವರ ಹೆಸರಿನಿಂದ ಪ್ರಸಿದ್ಧವಾದ ಊರಿನವನು ನಾನು. ಮದ್ದಳೆಯ ಮರದಿಂದ ಕಪಾಟು ಮಾಡುವ ಹಾಸ್ಯಪ್ರಸಂಗವೊಂದು ನನ್ನಿಂದಲೂ ನಡೆಯಬೇಕೆಂದಿತ್ತೇನೋ!

ದನಗಳಿಲ್ಲದ ಕೊಟ್ಟಿಗೆಯೇ ನನ್ನ ಕಾರ್ಯಾಗಾರ. ಉಳಿ, ಕೊಡತಿ, ಕೀಸುಳಿ, ಗರಗಸ, ಮೂಲೆಮಟ್ಟಗಳನ್ನು ಕೂಡಿಸಿಕೊಂಡೆ. ಹಲಗೆ ಒಂದಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕೆಂಬುದು ಮರಗೆಲಸದವರ ಹಳೆಯ ಲೆಕ್ಕ. ನನ್ನವು ಒಂದೂವರೆ ಅಂಗುಲದವು. ಆದರೆ ತಂದೆಯವರ ಆರೋಗ್ಯ ಕುಂದುತ್ತಿತ್ತು. ಒಂದು ವರ್ಷವೂ ತುಂಬುವ ಮೊದಲೇ, 2017ರ ಮಳೆಗಾಲದ ರಜಾದಿನಗಳಲ್ಲಿ ಕೆಲಸ ಹಿಡಿದೆ. ಏಳಡಿ ಎತ್ತರ, ಐದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಬಾಗಿಲುಗಳಿಗೆ ಎರಡೆರಡು ಅಡಿ ಅಗಲದ ಒಂದೇ ಹಲಗೆ ಸಿಕ್ಕಿತೆಂದು ಹಿಗ್ಗಿ, ಚೌಕಟ್ಟಿಗೆ ಅಂಟು ಬಳಿದು ಮೊಳೆ ಹೊಡೆದು ಬಿಗಿದೆ. ಆಗಸ್ಟಿನಲ್ಲಿ ಅರಗಿನ ಪಾಲಿಶು ಬಳಿದರೆ, ಹವೆಯ ತೇವಕ್ಕೆ ಅದು ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ನೆರೆಯ ವೃದ್ಧ ಆಚಾರಿಯವರು ದಾರಿಯಲ್ಲಿ ಹೋಗುವಾಗ ಎರಡು ಬಾರಿ ನಿಂತು ನೋಡಿದರು, ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಒಂದು ದಿನ ತಂದೆಯವರು ಕೋಲೂರಿಕೊಂಡು ಕೊಟ್ಟಿಗೆಗೆ ಬಂದರು. ಕಪಾಟಿನ ಮೇಲೆ ಕೈಯಾಡಿಸಿ, “ಒಳಗೆ ಹಿಡಿದೀತೋ?” ಎಂದರು. “ಎಲ್ಲ ಪುಸ್ತಕವೂ ಹಿಡಿಯುತ್ತದೆ, ಅಪ್ಪಯ್ಯ” ಎಂದೆ. ಅವರು ನಕ್ಕು ಹಿಂತಿರುಗಿದರು. ಆ ಡಿಸೆಂಬರಿನಲ್ಲಿ ತೀರಿಕೊಂಡರು.

ಮರುವರ್ಷ ಫೆಬ್ರವರಿಯ ಒಂದು ರಾತ್ರಿ ಕೊಟ್ಟಿಗೆಯಲ್ಲಿ ಕೋವಿ ಸಿಡಿದಂಥ ಸದ್ದು. ದೀಪ ಹಿಡಿದು ಹೋಗಿ ನೋಡಿದರೆ ಬಾಗಿಲಿನ ಹಲಗೆ ಮೇಲಿನಿಂದ ಕೆಳಕ್ಕೆ ಸೀಳಿತ್ತು. ಬೆಳಗಾಗುತ್ತಲೇ ಆಚಾರಿಯವರ ಮನೆಗೆ ಹೋದೆ.

ಅವರು ಬಂದು ಹಲಗೆಯನ್ನು ಬೆರಳಿನಿಂದ ತಟ್ಟಿ, ತುಳುವಿನಲ್ಲಿ ಹೇಳಿದ ಮಾತಿನ ಅರ್ಥ ಇಷ್ಟು: “ಮಾಷ್ಟ್ರೇ, ಕಡಿದ ಮರವೂ ಉಸಿರಾಡುತ್ತದೆ. ನೀವು ಅದರ ಮೂಗಿಗೆ ಮೊಳೆ ಹೊಡೆದಿದ್ದೀರಿ.”

“ಆಗಲೇ ಹೇಳಬಾರದಿತ್ತೇ, ಆಚಾರ್ರೇ?”

“ನೀವು ಕೇಳಬೇಕಿತ್ತಲ್ಲ!”

ಶಾಲೆಯಲ್ಲಿ ನಾನು ಪಾಠ ಹೇಳಿದ ವಿಷಯವೇ ಅದು. ಒಣಗುವಾಗ ಮರ ಉದ್ದಕ್ಕೆ ನೂರರಲ್ಲಿ ಒಂದು ಪಾಲೂ ಕುಗ್ಗದು; ಅಡ್ಡಕ್ಕೆ ಹಲವು ಪಾಲು ಕುಗ್ಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಆಟಿಯ ತೇವಕ್ಕೆ ಉಬ್ಬಿದ ಹಲಗೆ ಸುಗ್ಗಿಯ ಬಿಸಿಲಿಗೆ ಕುಗ್ಗಲೇಬೇಕು. ಬಿಗಿದು ಹಿಡಿದರೆ ಅದು ಸೀಳುತ್ತದೆ. ಆದುದರಿಂದ ಚೌಕಟ್ಟಿನ ಒಳಅಂಚಿನಲ್ಲಿ ಸಣ್ಣ ಕಾಲುವೆ ತೋಡಿ, ಅಂಟೂ ಮೊಳೆಯೂ ಇಲ್ಲದೆ ಹಲಗೆಯನ್ನು ಅದರೊಳಗೆ ಸುಮ್ಮನೆ ನಿಲ್ಲಿಸಬೇಕು. ಪುಸ್ತಕದಲ್ಲಿದ್ದುದು ನನ್ನ ಕೈಗೆ ಇಳಿದಿರಲಿಲ್ಲ, ಅಷ್ಟೆ.

ಅನಂತರ ಆಚಾರಿಯವರು ಮನೆಯ ಕಡೆಗೆ ನೋಡಿ, “ಅದಿರಲಿ, ಇದು ಒಳಗೆ ಹೋಗುವುದು ಹೇಗೆ?” ಎಂದರು. ನಮ್ಮ ಬಾಗಿಲು ಐದಡಿ ಎತ್ತರ, ಎರಡೂವರೆ ಅಡಿ ಅಗಲ; ತಲೆ ಬಾಗಿಸದೆ ಯಾರೂ ಒಳಗೆ ಬರುವಂತಿಲ್ಲ. ಆಗ ನನಗೆ ಹೊಳೆಯಿತು—ತಂದೆಯವರು ಕೇಳಿದ್ದು ಪುಸ್ತಕಗಳ ವಿಚಾರವನ್ನಲ್ಲ. ಅವರು ನಕ್ಕದ್ದು ಏಕೆಂದೂ ತಿಳಿಯಿತು.

ಆಚಾರಿಯವರು ನನ್ನನ್ನು ಒಳಕೋಣೆಗೆ ಕರೆದೊಯ್ದು ಪತ್ತಾಯದ ಮೂಲೆಗೆ ದೀಪ ಹಿಡಿದರು. ಮೊಳೆಯೇ ಇಲ್ಲ; ಕಚ್ಚಿನಲ್ಲಿ ಕೂರಿಸಿ ಮರದ ಬೆಣೆ ಹೊಡೆದದ್ದು. ಜೋಡಣೆಯ ಎರಡು ಬದಿಗಳಲ್ಲಿ ಉಳಿಯಿಂದ ಗೀರಿದ ಗುರುತುಗಳು: ಒಂದು ಗೀರಿಗೆ ಒಂದು, ಎರಡಕ್ಕೆ ಎರಡು. “ನನ್ನ ಅಪ್ಪನ ಕೈಗುರುತು. ಹೊರಗೆ ಕೊರೆದು ಒಳಗೆ ಕೂಡಿಸಿದ್ದು” ಎಂದರು. ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟು ನಿಂತರು. ಅವರ ಮಕ್ಕಳಲ್ಲಿ ಯಾರೂ ಉಳಿ ಹಿಡಿದವರಲ್ಲ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರೀಕುಂಜರ, ಪಂಚನಾರೀತುರಗಗಳನ್ನು ಮರದ ಕಂಬಗಳಲ್ಲಿ ಕಡೆದ ಶಿಲ್ಪಿಗಳನ್ನು ನಾವು ಕೊಂಡಾಡುತ್ತೇವೆ. ಕತ್ತಲ ಕೋಣೆಯಲ್ಲಿ ಮೂರು ಗೀರೆಳೆದು ಹೋದವರನ್ನು ಕೇಳುವವರು ಯಾರು?

ಮೊಳೆಗಳನ್ನು ಒಂದೊಂದಾಗಿ ಕಿತ್ತೆವು. ಸೀಳಿದ ಹಲಗೆಯನ್ನು ಅಗಲ ಕಡಿಮೆಯಾದ ತುಂಡುಗಳಾಗಿ ಕೊಯ್ದು, ಚೌಕಟ್ಟುಗಳಿಗೆ ಬೆಣೆಯ ಕಚ್ಚು ಕೊರೆದೆವು. ಅವರು ಕುಳಿತಲ್ಲಿಂದ ಹೇಳುವುದು, ನಾನು ಮಾಡುವುದು. ಮಳೆ ಪೂರ್ತಿ ಹಿಂದೆಗೆದು ಹವೆ ಒಣಗಿದ ಮೇಲೆಯೇ, ಎಳೆಯ ಜಾಡಿನಲ್ಲಿ ಉಜ್ಜಿ, ತೆಳುವಾಗಿ ಅನೇಕ ಬಾರಿ ಅರಗು ಬಳಿದೆವು. ಕಾಲುಗಳಿಗೆ ಗೆದ್ದಲು ತಾಗದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ. ಅದು ನನ್ನ ಮುಂಗೈಯನ್ನೂ ಸುಟ್ಟು ತನ್ನ ಗುರುತು ಉಳಿಸಿತು. 2019ರ ಮಾರ್ಚಿನಲ್ಲಿ ಬಿಡಿಭಾಗಗಳು ಒಂದೊಂದಾಗಿ ಆ ಗಿಡ್ಡ ಬಾಗಿಲಿನಲ್ಲಿ ತಲೆಬಾಗಿ ಒಳಹೊಕ್ಕು, ಪತ್ತಾಯದ ಪಕ್ಕದಲ್ಲಿ ಕಪಾಟಾಗಿ ಎದ್ದು ನಿಂತವು. ಮರುವರ್ಷ ಐಕಳದ ಕಂಬಳದಲ್ಲಿ ನಮ್ಮೂರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿ ಲೋಕಪ್ರಸಿದ್ಧರಾದರು. ಅದೇ ಊರಿನಲ್ಲಿ ಕೊಟ್ಟಿಗೆಯಿಂದ ಒಳಕೋಣೆಯನ್ನು ಮುಟ್ಟಲು ನನ್ನ ಕಪಾಟಿಗೆ ಎರಡು ವರ್ಷ ಬೇಕಾಯಿತು!

ಈಗಲೂ ಆಟಿ ತಿಂಗಳಲ್ಲಿ ಅದರ ಬಾಗಿಲು ಬಿಗಿಯಾಗುತ್ತದೆ. ಬೇಕಾದ ಪುಸ್ತಕ ತೆಗೆಯಲು ಎರಡು ಕೈಯಿಂದ ಎಳೆಯಬೇಕು. ಕೀಸುಳಿಯಿಂದ ಒಂದೆಳೆ ತೆಗೆದುಬಿಡಬಾರದೇ ಎಂದು ಮಗಳು ಕೇಳುತ್ತಾಳೆ. ಬೇಡವೆನ್ನುತ್ತೇನೆ; ಸುಗ್ಗಿಯ ಹೊತ್ತಿಗೆ ಅದು ತಾನಾಗಿಯೇ ಸಡಿಲುತ್ತದೆ. ಚೌಕಟ್ಟಿನ ಒಳಮೂಲೆಯಲ್ಲಿ ನಾನೂ ಉಳಿಯಿಂದ ಗೀರುಗಳನ್ನು ಎಳೆದಿದ್ದೇನೆ. ಎಂದಾದರೊಂದು ದಿನ ಅದನ್ನು ಬಿಚ್ಚಿ ಹೊರಗೊಯ್ಯಬೇಕಾದವರಿಗೆ ದಾರಿ ತಿಳಿಯಲಿ ಎಂದು.