ಮೀನಿನ ಓದಿಗೆ ಎಪ್ಪತ್ತು ಕ್ರೆಡಿಟ್

ನಮ್ಮೂರಿನ ಹೆಸರಿನಲ್ಲೇ ಸಾಗರವಿದೆ. ಆದರೆ ಹನುಮಸಾಗರದವರು ಕಡಲು ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಕುಷ್ಟಗಿ ತಾಲ್ಲೂಕಿನ ಈ ಒಣ ಸೀಮೆಯಲ್ಲಿ ಈಗ ಕೃಷಿಹೊಂಡಗಳು ಬಂದಿವೆ. ಕೆಲವರು ಅದರಲ್ಲಿ ಕಾಟ್ಲಾ, ರೋಹು ಮರಿ ಬಿಡುತ್ತಾರೆ.

ಅಂಥ ಹೊಂಡ ನೋಡಿ ಬೆಳೆದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. "ಸರ, ಮೀನು ಸಾಕಾಣಿಕಿ ಒಳಗ ಎಂಎಫ್‌ಎಸ್ಸಿ ಮಾಡಬೇಕಂತೀನ್ರಿ" ಎಂದ. ಪ್ರಾಣಿಶಾಸ್ತ್ರ ಓದಿ ಬಿಎಸ್ಸಿ ಮುಗಿಸಿದ್ದ, ಅಂಕಗಳೂ ಚೆನ್ನಾಗಿದ್ದವು. ಪಿಯುಸಿ ಆದಾಗ "ಮೊದಲು ಬಿಎಸ್ಸಿ ಮಾಡು, ಮುಂದೆ ಯಾವುದಾದರೂ ಹಿಡಿದರಾಯಿತು" ಎಂದವನು ನಾನೇ. ಆ ಮಾತು ತಪ್ಪಾಗಿತ್ತು.

ಎಂಎಫ್‌ಎಸ್ಸಿಗೆ ಬೇಕಾದದ್ದು ನಾಲ್ಕು ವರ್ಷದ ಬಿಎಫ್‌ಎಸ್ಸಿ ಪದವಿ. ನಮ್ಮ ರಾಜ್ಯದಲ್ಲಿ ಅದಕ್ಕೆ ಮಂಗಳೂರಿನ ಮೀನುಗಾರಿಕೆ ಕಾಲೇಜಿದೆ. 1969ರಲ್ಲಿ ಆರಂಭವಾದ ಇದು ದೇಶದ ಮೊದಲ ಮೀನುಗಾರಿಕೆ ಕಾಲೇಜು. ಮೊದಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿದೆ.

ಇಷ್ಟು ಬಿಗಿ ಏಕೆ? ಸ್ನಾತಕೋತ್ತರ ಓದಿನ ಲೆಕ್ಕ ನೋಡಿದರೆ ತಿಳಿಯುತ್ತದೆ. ವಾರಕ್ಕೆ ಒಂದು ಗಂಟೆಯ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಪ್ರಾಯೋಗಿಕವಾದರೆ ಒಂದು ಕ್ರೆಡಿಟ್‌ಗೆ ಹೆಚ್ಚು ಹೊತ್ತು ದುಡಿಯಬೇಕು. ಪಠ್ಯಪಟ್ಟಿಯಲ್ಲಿ "2+1" ಎಂದು ಕಂಡರೆ ಎರಡು ಪಾಠದ್ದು, ಒಂದು ಪ್ರಾಯೋಗಿಕದ್ದು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2021ರಲ್ಲಿ ಪರಿಷ್ಕರಿಸಿದಂತೆ ಸ್ನಾತಕೋತ್ತರ ಪದವಿಗೆ ಒಟ್ಟು 70 ಕ್ರೆಡಿಟ್. ಮುಖ್ಯ ವಿಷಯಕ್ಕೆ 20, ಉಪವಿಷಯಕ್ಕೆ 8, ಪೂರಕ ವಿಷಯಕ್ಕೆ 6, ಎಲ್ಲರಿಗೂ ಸಾಮಾನ್ಯವಾದವಕ್ಕೆ 5, ಸೆಮಿನಾರಿಗೆ 1. ಉಳಿದ 30 ಪ್ರಬಂಧಕ್ಕೆ. ಪಿಎಚ್‌ಡಿಯಲ್ಲಂತೂ 100ರಲ್ಲಿ 75 ಸಂಶೋಧನೆಯದೇ.

ಈ ಮೂವತ್ತು ಕ್ರೆಡಿಟ್ಟೇ ನಿಜವಾದ ಪರೀಕ್ಷೆ. ಎರಡು ಹೊಂಡಗಳಿಗೆ ಬೇರೆ ಬೇರೆ ಆಹಾರ ಹಾಕಿದಿರಿ, ಒಂದರ ಮೀನು ಹೆಚ್ಚು ತೂಗಿತು ಎನ್ನಿ. ಅದು ಆಹಾರದ ಗುಣವೋ, ನೀರಿನದೋ? ಒಂದೊಂದೇ ಹೊಂಡ ನೋಡಿ ಹೇಳಲಾಗದು. ಪ್ರತಿ ಆಹಾರವನ್ನೂ ಹಲವು ಹೊಂಡಗಳಲ್ಲಿ ಹಾಕಿ, ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಬೇಕು. ಮೀನಿನ ಹುಡುಗರಿಗೆ ಗಣಿತವೇಕೆ ಎನ್ನುವವರಿಗೆ ಇದೇ ಉತ್ತರ. ಇನ್ನು ನೀರು. ಹೊಂಡದ ಹಸಿರು ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ಕಳೆಯುತ್ತದೆ. ಹೀಗಾಗಿ ಸೂರ್ಯ ಹುಟ್ಟುವ ಮುನ್ನ ಆಮ್ಲಜನಕ ತೀರಾ ಕಡಿಮೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ನಸುಕಿನಲ್ಲಿ ಎದ್ದು ಹೊಂಡಕ್ಕಿಳಿದು ಅಳೆಯದವನಿಗೆ ಇದು ಬರೀ ಪುಸ್ತಕದ ಸಾಲು. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡವು. 1957ರಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮೊಟ್ಟೆ ಇಡಿಸಿದ ಮೇಲೆಯೇ ಮರಿಗಳ ಉತ್ಪಾದನೆ ನಮ್ಮ ಕೈಗೆ ಬಂತು. ಇಂಥ ಕೈಕೆಲಸವನ್ನೆಲ್ಲ ಬಿಎಫ್‌ಎಸ್ಸಿಯ ನಾಲ್ಕು ವರ್ಷದಲ್ಲಿ ಕಲಿತು ಬಂದಿರುತ್ತಾರೆಂದು ನಂಬಿಯೇ ಮುಂದಿನ ಪಾಠ ಶುರುವಾಗುತ್ತದೆ.

ಪ್ರಾಣಿಶಾಸ್ತ್ರದವರಿಗೆ ದಾರಿಯೇ ಇಲ್ಲವೆಂದಲ್ಲ. ಕಾರವಾರದ ಕಡಲ ಜೀವಶಾಸ್ತ್ರದಂಥ ಎಂಎಸ್ಸಿಗಳಿವೆ, ಹುಡುಗನಿಗೆ ಅದನ್ನೇ ತೋರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ ತಂಗಿ ಪಿಯುಸಿ ಸೈನ್ಸ್ ಅದಾಳ್ರಿ ಸರ" ಎಂದ. ಜೀವಶಾಸ್ತ್ರ ಬಿಡಬಾರದು, ಸಿಇಟಿ ಬರೆಯಬೇಕು, ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯನ್ನೂ ಮರೆಯಬಾರದು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಕೋಟಾಕ್ಕೆ ಬೇಕಾದ ಕಾಗದಪತ್ರ ಈಗಲೇ ಹೊಂದಿಸಿಡಲು ಅವರಪ್ಪನಿಗೂ ಹೇಳಿ ಕಳಿಸಿದ್ದೇನೆ.