ಜೀಪಿನ ನಾಡಿನಲ್ಲಿ ವ್ಯಾನಿನ ಸಂಸಾರ

ಕೊಡಗಿನಲ್ಲಿ ವಾಹನ ಎಂದೊಡನೆ ಮೊದಲು ಕಣ್ಣಿಗೆ ಕಟ್ಟುವುದು ಜೀಪು. ಮಳೆಗಾಲದ ಕೆಸರಿರಲಿ, ತೋಟದೊಳಗಿನ ಕಡಿದಾದ ಏರಿರಲಿ, ಕಾಫಿ ಮೂಟೆಯಿರಲಿ, ಗೊಬ್ಬರದ ಚೀಲವಿರಲಿ, ಎಲ್ಲಕ್ಕೂ ಜೀಪೇ ಸೈ. ಸೇನೆಯಲ್ಲಿ ದುಡಿದು ಬಂದವರು ಊರೂರಿನಲ್ಲೂ ಇರುವ ಈ ಜಿಲ್ಲೆಯಲ್ಲಿ ಜೀಪಿನ ಸ್ಟೀರಿಂಗ್ ಹಿಡಿಯುವುದೆಂದರೆ ಅದಕ್ಕೊಂದು ಗತ್ತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿ, ಕತ್ತಿಗಳ ಜೊತೆಗೆ ಅದಕ್ಕೂ ಹೂವಿನ ಮಾಲೆ ಬೀಳುತ್ತದೆ.

ಇಂಥ ಜೀಪಿನ ಪಕ್ಕದಲ್ಲಿ ಒಂದು ಹಳೆಯ ಮಾರುತಿ ಓಮ್ನಿ ವ್ಯಾನನ್ನು ನಿಲ್ಲಿಸಿ ನೋಡಿ. ಮೂತಿಯೇ ಇಲ್ಲದ ಮುಖ, ಬ್ರೆಡ್ಡಿನ ಹಾಗೆ ಚೌಕಾಕಾರದ ಮೈ, ಆಟಿಕೆಯಂಥ ಪುಟ್ಟ ಚಕ್ರಗಳು. ಸಾಲದ್ದಕ್ಕೆ ಸಿನಿಮಾದವರ ಕೊಡುಗೆ ಬೇರೆ! ನಾಯಕಿಯನ್ನು ಅಪಹರಿಸಲು ಖಳನಾಯಕನ ಕಡೆಯವರು ಬಂದರೆಂದರೆ ಅದು ಓಮ್ನಿಯಲ್ಲೇ. ಜಾರುಬಾಗಿಲು ಸರ್ರನೆ ಸರಿಯಬೇಕು, ಕೈಯೊಂದು ಹೊರಚಾಚಬೇಕು. ಅಪ್ಪ ಮನೆಗೆ ವ್ಯಾನು ತಂದರೆ ಹತ್ತನೇ ತರಗತಿಯ ಮಗ ಶಾಲೆಯ ಗೇಟಿಗೆ ನೂರು ಗಜ ಮೊದಲೇ 'ಇಲ್ಲೇ ಇಳಿಸಿ' ಎನ್ನುವುದರಲ್ಲಿ ಆಶ್ಚರ್ಯವೇನಿಲ್ಲ.

ಆದರೂ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ರಸ್ತೆಗಳಲ್ಲಿ ಈ ವ್ಯಾನು ದಶಕಗಳ ಕಾಲ ಓಡಿತು. ತಯಾರಿಕೆ ನಿಂತ ಮೇಲೂ ಅದನ್ನು ಮಾರಲು ಮನಸ್ಸಾಗದ ಮನೆಗಳಿವೆ. ಮೊದಲ ನೋಟಕ್ಕೆ ಯಾರೂ ಮೆಚ್ಚದ ವಾಹನವೊಂದು ಸಂಸಾರದ ವಾಹನವಾಗಿ ಒಗ್ಗಿಹೋದದ್ದು ಹೇಗೆ? ಆ ಅಕ್ಕರೆಗೆ ಎಲ್ಲಿ ಗೆರೆ ಎಳೆಯಬೇಕು? ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ತಂದೆತಾಯಿಯರೂ, ನಾಳೆ ಸ್ಟೀರಿಂಗ್ ಹಿಡಿಯಲಿರುವ ವಿದ್ಯಾರ್ಥಿಗಳೂ ಯೋಚಿಸಬೇಕಾದ ವಿಷಯವಿದು.

ಒಂದೇ ಹೊತ್ತಿನ ಹುಟ್ಟು

ಸಂಸಾರಕ್ಕೆಂದೇ ವ್ಯಾನು ಎಂಬ ಕಲ್ಪನೆ ಪ್ರಪಂಚದ ಹಲವೆಡೆ ಹೆಚ್ಚುಕಡಿಮೆ ಒಟ್ಟಿಗೇ ರೂಪು ತಳೆಯಿತು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1983ರ ನವೆಂಬರಿನಲ್ಲಿ ತನ್ನ ಮಿನಿವ್ಯಾನುಗಳ ತಯಾರಿಕೆ ಆರಂಭಿಸಿತು. ಫ್ರಾನ್ಸಿನ ರೆನೋ ಕಂಪನಿಯ 'ಎಸ್ಪಾಸ್' ಬಂದದ್ದು 1984ರಲ್ಲಿ. ನಮ್ಮ ದೇಶದಲ್ಲಿ 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಕಾರು ಹೊರಬಂತು. ಮರುವರ್ಷವೇ, ಅಂದರೆ 1984ರಲ್ಲಿ, 'ಮಾರುತಿ ವ್ಯಾನ್' ಅದನ್ನು ಹಿಂಬಾಲಿಸಿತು. 1988ರಲ್ಲಿ ಅದಕ್ಕೆ 'ಓಮ್ನಿ' ಎಂಬ ಹೆಸರಾಯಿತು.

ಹೊತ್ತು ಒಂದೇ ಆದರೂ ಗಾತ್ರದಲ್ಲಿ ಅಜಗಜಾಂತರ. ಜಪಾನಿನ ಸುಜುಕಿ 'ಕ್ಯಾರಿ' ಎಂಬ ಪುಟ್ಟ ವ್ಯಾನೇ ಓಮ್ನಿಗೆ ಮೂಲ. ಉದ್ದ ಬರೀ 3.37 ಮೀಟರ್. ಎಂಜಿನ್ 796 ಸಿಸಿ, ಮೂರು ಸಿಲಿಂಡರಿನದು. ಮಾರುತಿ 800 ಕಾರಿನಲ್ಲಿದ್ದ ಎಂಜಿನ್ನೇ. ಅದನ್ನು ಮುಂದಿನ ಸೀಟಿನ ಅಡಿಯಲ್ಲಿ ಹುದುಗಿಸಿಟ್ಟಿದ್ದರಿಂದ ಮೂತಿಯ ಅಗತ್ಯವೇ ಇರಲಿಲ್ಲ. ಉಳಿದ ಜಾಗವೆಲ್ಲ ಜನಕ್ಕೆ ಮತ್ತು ಸಾಮಾನಿಗೆ. ಐದು ಸೀಟಿನ ಮಾದರಿಯ ಜೊತೆಗೆ ಎಂಟು ಸೀಟಿನ ಮಾದರಿಯೂ ಬಂತು.

ನಾಚಿಕೆಯ ಕಥೆ ಮಾತ್ರ ಎಲ್ಲ ಕಡೆಯೂ ಒಂದೇ. ಅಮೆರಿಕದಲ್ಲಿ ಮಕ್ಕಳನ್ನು ಫುಟ್‌ಬಾಲ್ ಆಟಕ್ಕೆ ವ್ಯಾನಿನಲ್ಲಿ ಕರೆದೊಯ್ಯುವ ತಾಯಂದಿರಿಗೆ 'ಸಾಕರ್ ಮಾಮ್' ಎಂಬ ಹೆಸರು ಬಿತ್ತು. 1996ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಆ ಮಾತು ಪತ್ರಿಕೆಗಳ ತುಂಬ. ವ್ಯಾನು ಓಡಿಸಿದರೆ ಯೌವನ ಮುಗಿದಂತೆ ಎಂದು ಭಾವಿಸಿ ಎತ್ತರದ ಎಸ್‌ಯುವಿಗಳ ಕಡೆ ವಾಲಿದವರು ಅಲ್ಲಿ ಬಹಳ. ಕೊಡಗಿನ ಹುಡುಗ ಓಮ್ನಿಯಿಂದ ಇಳಿಯಲು ಮುಜುಗರಪಟ್ಟರೆ, ಆ ಮುಜುಗರಕ್ಕೆ ಸಾಗರದಾಚೆಯೂ ನೆಂಟರಿದ್ದಾರೆ!

ರೈಲಿಲ್ಲದ ಜಿಲ್ಲೆ

4,102 ಚದರ ಕಿಲೋಮೀಟರ್ ವಿಸ್ತಾರದ, 2011ರ ಜನಗಣತಿಯಂತೆ 5,54,519 ಜನಸಂಖ್ಯೆಯ ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಇಲ್ಲಿನ ಮನೆಗಳೂ ಬಯಲುಸೀಮೆಯ ಹಳ್ಳಿಗಳಂತೆ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತವಲ್ಲ. ತೋಟಕ್ಕೊಂದು, ಗದ್ದೆ ಬದಿಗೊಂದು ಎಂಬಂತೆ ಚದುರಿಕೊಂಡಿವೆ. ಬಸ್ಸು ಬರುವುದು ಮುಖ್ಯರಸ್ತೆಗೆ. ಅಲ್ಲಿಂದ ಮನೆಗೆ ಕಾಲುದಾರಿಯೇ ಗತಿ. ಕಕ್ಕಡ ತಿಂಗಳ ಮಳೆಯಲ್ಲಿ, ಜಿಗಣೆಗಳ ನಡುವೆ, ಪುಸ್ತಕದ ಚೀಲ ಹೊತ್ತು ಆ ದಾರಿ ಸವೆಸಿದವರಿಗೇ ಗೊತ್ತು ಅದರ ಕಷ್ಟ.

ಜೀಪು ತೋಟಕ್ಕೆ ಹೇಳಿ ಮಾಡಿಸಿದ್ದು ನಿಜ. ಆದರೆ ಅಜ್ಜಿಗೆ ಅದನ್ನು ಹತ್ತುವುದು ಕಷ್ಟ. ಪಕ್ಕದಿಂದ ಮಳೆಯ ಎರಚಲು. ಹಿಂದಿನ ಬೆಂಚಿನಲ್ಲಿ ಕೂತ ಮಕ್ಕಳಿಗೆ ಹೊಟ್ಟೆ ತೊಳಸು. ಮಾರುತಿ 800 ಕಾರಿನಲ್ಲಿ ನಾಲ್ಕು ಜನರಾದರೆ ಮುಗಿಯಿತು. ಇವೆರಡರ ನಡುವಿನ ಜಾಗವನ್ನು ತುಂಬಿದ್ದು ವ್ಯಾನು. ನೆಲ ತಗ್ಗು, ಬಾಗಿಲು ಅಗಲ. ಇಕ್ಕಟ್ಟಾದ ಪೇಟೆಬೀದಿಯಲ್ಲಿ ಪಕ್ಕದ ವಾಹನಕ್ಕೆ ತಗಲದಂತೆ ಬಾಗಿಲು ಜಾರಿಸಿದರಾಯಿತು.

ಕೂಡುಕುಟುಂಬದ ನೆನಪು ಇನ್ನೂ ಹಸಿರಾಗಿರುವ ಜಿಲ್ಲೆಯಿದು. ಪುತ್ತರಿಗೆ ಎಲ್ಲರೂ ಐನ್‌ಮನೆ ಸೇರಬೇಕು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಬೇಕು. ಹಾಕಿ ಹಬ್ಬವಂತೂ ವ್ಯಾನಿಗೆ ಹಬ್ಬವೇ ಸರಿ. ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ 1997ರಲ್ಲಿ ಕರಡದಲ್ಲಿ 60 ಕುಟುಂಬ ತಂಡಗಳೊಡನೆ ಆರಂಭವಾದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡಗಳಿಗೆ ಬೆಳೆದಿತ್ತು. ಆಡುವವರು ಹನ್ನೊಂದು ಮಂದಿಯಾದರೆ ನೋಡಲು ಹೊರಡುವವರು ಇಡೀ ಮನೆ. ಹಾಕಿ ಸ್ಟಿಕ್ಕು, ತಿಂಡಿಯ ಡಬ್ಬಿ, ಕೊಡೆ, ಮೊಮ್ಮಗು, ಅಜ್ಜಿ... ಎಲ್ಲಕ್ಕೂ ವ್ಯಾನಿನಲ್ಲಿ ಜಾಗ.

ಇದಕ್ಕಿಂತ ದೊಡ್ಡದು ರಾತ್ರಿಯ ಹೊತ್ತಿನ ಆಸರೆ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2016ರಲ್ಲಿ. ಅದಕ್ಕೆ ಮುಂಚೆ ಸ್ವಲ್ಪ ಗಂಭೀರ ಕಾಯಿಲೆಯಾದರೂ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ, ಘಟ್ಟ ಇಳಿದು ಮಂಗಳೂರಿಗೋ ಹೋಗಬೇಕಿತ್ತು. ರೋಗಿಯನ್ನು ಮಲಗಿಸಿಕೊಂಡು ಹೋಗಬಹುದಾದ ಮನೆಯ ವಾಹನವೆಂದರೆ ಹಿಂದಿನ ಸೀಟು ಮಡಚಿದ ವ್ಯಾನು. ಊರೂರಿನ ಆಂಬುಲೆನ್ಸುಗಳೂ ಎಷ್ಟೋ ವರ್ಷ ಓಮ್ನಿಗಳೇ ಆಗಿದ್ದವು. ಇಂಥ ಒಂದು ರಾತ್ರಿ ಕಂಡ ಮನೆಯಲ್ಲಿ ವ್ಯಾನಿನ ಅಂದಚಂದದ ಮಾತು ಮತ್ತೆ ಬರುವುದಿಲ್ಲ.

ಓಡಿಸುವ ಪಾಠ

ವ್ಯಾನನ್ನು ಕಾರಿನಂತೆಯೇ ಓಡಿಸಬಹುದು ಎಂದುಕೊಂಡವರಿಗೆ ಮೊದಲ ತಿರುವಿನಲ್ಲೇ ಪಾಠವಾಗುತ್ತದೆ. ಕಾರಿನಲ್ಲಿ ಮುಂದಿನ ಚಕ್ರಗಳು ಚಾಲಕನಿಗಿಂತ ಮುಂದಿರುತ್ತವೆ. ಓಮ್ನಿಯಲ್ಲಿ ಅವು ಹೆಚ್ಚುಕಡಿಮೆ ಚಾಲಕನ ಸೀಟಿನ ಅಡಿಯಲ್ಲೇ. ಆದ್ದರಿಂದ ಸ್ಟೀರಿಂಗ್ ತಿರುಗಿಸುವುದು ಕಾರಿಗಿಂತ ಒಂದು ಗಳಿಗೆ ತಡವಾಗಬೇಕು. ಬೇಗ ತಿರುಗಿಸಿದರೆ ಹಿಂದಿನ ಚಕ್ರ ಚರಂಡಿಗೋ ದರೆಗೋ ಒರಗುತ್ತದೆ. ಇದು ಕೈಗೆ ಒಗ್ಗಿದ ಮೇಲೆ ಮಾತ್ರ ವ್ಯಾನಿನ ಸುಖ ತಿಳಿಯುವುದು. ರಸ್ತೆ ಕಾಲಬುಡದಿಂದಲೇ ಶುರುವಾಗುತ್ತದೆ; ದೊಡ್ಡ ಗಾಜಿನಾಚೆ ತಿರುವೆಲ್ಲ ಬಿಚ್ಚಿಕೊಂಡಂತೆ ಕಾಣುತ್ತದೆ. ಬೇರೆ ವಾಹನಗಳು ಹಿಂದೆ ಮುಂದೆ ಮಾಡುವ ಜಾಗದಲ್ಲಿ ಇದು ಒಂದೇ ಸುತ್ತಿಗೆ ತಿರುಗಿ ನಿಲ್ಲುತ್ತದೆ.

ಎರಡನೆಯದು ತೂಕದ ಲೆಕ್ಕ. ಎಂಜಿನ್ನೂ ಚಾಲಕನೂ ಮುಂದೆ, ಎಳೆಯುವ ಶಕ್ತಿ ಹಿಂದಿನ ಚಕ್ರಕ್ಕೆ. ಹಿಂದೆ ಯಾರೂ ಇಲ್ಲದಾಗ ಆ ಚಕ್ರಗಳ ಮೇಲೆ ಭಾರ ಕಡಿಮೆ. ಪಾಚಿ ಕಟ್ಟಿದ ಏರಿನಲ್ಲಿ ಅವು ಸುಮ್ಮನೆ ಸುತ್ತುತ್ತವೆ, ಒದ್ದೆ ತಿರುವಿನಲ್ಲಿ ಜಾರುತ್ತವೆ. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುವುದು, ಹಿಂದಿನ ಟೈರು ಸವೆಯಲು ಬಿಡದಿರುವುದು, ಇವೆರಡೇ ಮದ್ದು. ಅಗಲ 1.41 ಮೀಟರಾದರೆ ಎತ್ತರ 1.64 ಮೀಟರ್. ಅಗಲಕ್ಕಿಂತ ಎತ್ತರ ಹೆಚ್ಚಿರುವ ಗಾಡಿ ತಿರುವಿನಲ್ಲಿ ಬೇಗ ವಾಲುತ್ತದೆ. ಛಾವಣಿಯ ಮೇಲೆ ಮೂಟೆ ಹೇರಿದರಂತೂ ಇನ್ನಷ್ಟು ಅಪಾಯ.

ಘಟ್ಟದ ಇಳಿಜಾರಿಗೆ ಹಳೆಯ ಚಾಲಕರು ಹೇಳುವ ಮಾತು ಇಂದಿಗೂ ಸತ್ಯ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಸಂಪಾಜೆ ಘಾಟಿಯುದ್ದಕ್ಕೂ ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಮಳೆಯಲ್ಲಿ ಏಳೆಂಟು ಜನ ಒಳಗೆ ಕುಳಿತರೆ ಉಸಿರಿನ ಆವಿಗೆ ಗಾಜು ಮಸುಕಾಗುತ್ತದೆ. ಕಿಟಕಿ ಬೆರಳಗಲ ತೆರೆದಿಟ್ಟು, ಒಣಬಟ್ಟೆಯೊಂದು ಕೈಗೆಟುಕುವಂತಿರಲಿ. ಸಿದ್ದಾಪುರ, ತಿತಿಮತಿ ಕಡೆ ಮುಸ್ಸಂಜೆಯಲ್ಲಿ ಆನೆ ಕಂಡರೆ ಹಾರ್ನ್ ಬೇಡ, ದೀಪ ಮಿನುಗಿಸುವುದೂ ಬೇಡ. ದೂರದಲ್ಲೇ ನಿಲ್ಲಿಸಿ, ಅದಕ್ಕೆ ದಾರಿ ಬಿಟ್ಟು ಕಾಯಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯೇ ಕಡಿದುಹೋದದ್ದನ್ನು ಕಂಡ ಜಿಲ್ಲೆಯಿದು. ಬಿರುಮಳೆಯ ದಿನ ಹೊರಡುವ ಮೊದಲು ದಾರಿ ಹೇಗಿದೆಯೆಂದು ವಿಚಾರಿಸಿಕೊಂಡರೆ ಯಾರೂ ಪುಕ್ಕಲರಾಗುವುದಿಲ್ಲ.

ಅಕ್ಕರೆ ಕುರುಡಾಗಬಾರದು

ಇಷ್ಟೆಲ್ಲ ಗುಣಗಾನದ ನಂತರ ಕಹಿ ಮಾತೊಂದನ್ನು ಹೇಳಲೇಬೇಕು. ಮೂತಿ ಇಲ್ಲದಿರುವುದೇ ಓಮ್ನಿಯ ಗುಣ, ಅದೇ ಅದರ ದೋಷ. ಡಿಕ್ಕಿಯಾದಾಗ ಕಾರಿನ ಮೂತಿ ನಜ್ಜುಗುಜ್ಜಾಗಿ ಪೆಟ್ಟನ್ನು ತಾನು ನುಂಗಿಕೊಳ್ಳುತ್ತದೆ. ಓಮ್ನಿಯಲ್ಲಿ ಚಾಲಕನ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಇರುವುದು ಒಂದು ತಗಡು ಅಷ್ಟೆ. ಸುರಕ್ಷತೆಯ ನಿಯಮಗಳು ಬಿಗಿಯಾದಂತೆ, 2019ರಲ್ಲಿ ಅದರ ತಯಾರಿಕೆ ನಿಂತಿತು. 2010ರಲ್ಲಿ ಬಂದ 'ಈಕೋ' ಅದರ ಸ್ಥಾನ ತುಂಬಿತು. ಆದರೆ ಏರ್‌ಬ್ಯಾಗ್ ಇಲ್ಲದ ಈಕೋ ಕೂಡ 2016ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಪಡೆದದ್ದು ಸೊನ್ನೆ ನಕ್ಷತ್ರ. ಏರ್‌ಬ್ಯಾಗ್‌ಗಳು ಕಡ್ಡಾಯವಾದದ್ದು ಆಮೇಲೆ.

ಹಾಗೆಂದು ಇರುವ ವ್ಯಾನನ್ನು ನಾಳೆಯೇ ಮಾರಿಬಿಡಿ ಎನ್ನುವುದು ಎಲ್ಲ ಮನೆಗೂ ಸಾಧ್ಯವಾಗುವ ಬುದ್ಧಿವಾದವಲ್ಲ. ಇರುವವರು ಅದರ ಮಿತಿಯನ್ನು ತಿಳಿದು ಓಡಿಸಬೇಕು. ಹೆದ್ದಾರಿಯಲ್ಲಿ ಇತರರೊಡನೆ ಪೈಪೋಟಿ ಬೇಡ. ಮುಂದಿನ ವಾಹನಕ್ಕೂ ನಿಮಗೂ ಧಾರಾಳ ಅಂತರವಿರಲಿ. ಮಕ್ಕಳು ಹಿಂದಿನ ಸೀಟಿನಲ್ಲಿ, ಬೆಲ್ಟು ಹಾಕಿಯೇ ಕೂರಲಿ. ಬೆಲ್ಟಿಲ್ಲದ ಹಳೆಯ ವ್ಯಾನಾದರೆ ಗ್ಯಾರೇಜಿನಲ್ಲಿ ಹಾಕಿಸಿಕೊಳ್ಳಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕರೆದೊಯ್ದರೆ 1,000 ರೂಪಾಯಿ ದಂಡ. ದಂಡದ ಮಾತು ಬಿಡಿ, ತೊಡೆಯ ಮೇಲೆ ಕೂರಿಸಿಕೊಂಡ ಮಗುವನ್ನು ಡಿಕ್ಕಿಯ ಹೊತ್ತಿನಲ್ಲಿ ಹಿಡಿದಿಡುವ ಶಕ್ತಿ ಯಾವ ತಾಯಿಯ ತೋಳಿಗೂ ಇಲ್ಲ.

ಹಳೆಯ ವ್ಯಾನು ಕೊಳ್ಳುವವರು ಗ್ಯಾಸ್ ಕಿಟ್ಟಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಕಿಟ್ ಇದ್ದರೆ ಅದು ಆರ್.ಸಿ. ಪುಸ್ತಕದಲ್ಲಿ ನಮೂದಾಗಿರಬೇಕು. ಅಡುಗೆಮನೆಯ ಸಿಲಿಂಡರಿನ ಅನಿಲ ತುಂಬಿ ಓಡಿಸುವುದು ಕಾನೂನುಬಾಹಿರ; ಜೊತೆಗೆ ಮಕ್ಕಳ ಬೆನ್ನ ಹಿಂದೆ ಬಾಂಬು ಇಟ್ಟುಕೊಂಡಂತೆ. 15 ವರ್ಷ ತುಂಬಿದ ವಾಹನದ ನೋಂದಣಿಯನ್ನು ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಬಿಳಿ ಬೋರ್ಡಿನ ಮನೆಯ ವ್ಯಾನಿನಲ್ಲಿ ನೆರೆಹೊರೆಯ ಮಕ್ಕಳನ್ನು ತಿಂಗಳ ಬಾಡಿಗೆಗೆ ಶಾಲೆಗೆ ಬಿಡುವುದಕ್ಕೂ ಕಾನೂನು ಒಪ್ಪುವುದಿಲ್ಲ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬಂದೀತು.

ಹದಿನೆಂಟರ ತನಕ ತಾಳ್ಮೆ

ಎಸ್ಟೇಟಿನ ಮಕ್ಕಳಿಗೆ ಸ್ಟೀರಿಂಗಿನ ಆಸೆ ಬೇಗ ಹತ್ತುತ್ತದೆ. ಕಾಫಿ ಕಣದಲ್ಲಿ ಅಪ್ಪನ ಪಕ್ಕ ಕೂತು ಗೇರು ಬದಲಿಸಿದ ಹುಡುಗ, ಹುಡುಗಿಯರಿಗೆ ಪೇಟೆಯವರೆಗೆ ಹೋಗಿಬರುವುದು ದೊಡ್ಡ ವಿಷಯವಲ್ಲ ಎನಿಸುತ್ತದೆ. 'ಗೇಟಿನ ತನಕ ತಾನೆ', 'ಅಂಗಡಿಯ ತನಕ ತಾನೆ' ಎಂದು ಹಿರಿಯರೂ ಸಡಿಲ ಬಿಡುತ್ತಾರೆ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಕಾರು, ವ್ಯಾನು ಓಡಿಸಲು 18 ವರ್ಷ ತುಂಬಿರಲೇಬೇಕು. ಅದಕ್ಕೆ ಮುಂಚೆ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಓಡಿಸಿದವರಿಗೆ 25 ವರ್ಷ ತುಂಬುವ ತನಕ ಲೈಸೆನ್ಸಿಲ್ಲ. ಒಂದು ಸಂಜೆಯ ಮೋಜಿಗೆ ಏಳು ವರ್ಷದ ಶಿಕ್ಷೆ!

18 ತುಂಬಿದವರು ಕಲಿಕಾ ಲೈಸೆನ್ಸ್ ಪಡೆದು, ಕನಿಷ್ಠ 30 ದಿನಗಳ ನಂತರ ಪಕ್ಕಾ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಆ ದಿನಗಳಲ್ಲಿ ಮನೆಯ ವ್ಯಾನಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. ಅದಕ್ಕೆ ವೇಗದ ಆಮಿಷವಿಲ್ಲ. ಗೇರು ತಪ್ಪಿದರೆ ಎಂಜಿನ್ನು ಸೀಟಿನಡಿಯಿಂದಲೇ ಗೊಣಗುತ್ತದೆ. ಬ್ರೇಕನ್ನು ಒರಟಾಗಿ ಒತ್ತಿದರೆ ಹಿಂದಿನಿಂದ ಅಜ್ಜಿಯ ಬೈಗುಳ ಕೇಳಿಸುತ್ತದೆ!

ಹಾಗೆ ನೋಡಿದರೆ ವ್ಯಾನಿನ ಮೇಲಿನ ಪ್ರೀತಿ ಹುಟ್ಟುವುದೇ ಹಿಂದಿನ ಸೀಟಿನಿಂದ. ಜೀಪು ಓಡಿಸುವವನ ಕಣ್ಣು ಎದುರಿನ ಏರಿನ ಮೇಲಿದ್ದರೆ, ವ್ಯಾನು ಓಡಿಸುವವರ ಒಂದು ಕಿವಿ ಸದಾ ಹಿಂದಕ್ಕೆ. ಮಗು ನಿದ್ದೆ ಹೋಯಿತೇ, ಯಾರಿಗಾದರೂ ವಾಂತಿ ಬರುತ್ತಿದೆಯೇ, ಮುಂದಿನ ಗುಂಡಿಯನ್ನು ಮೆಲ್ಲಗೆ ದಾಟಿಸಬೇಕೇ ಎಂಬ ಲೆಕ್ಕ ನಡೆದೇ ಇರುತ್ತದೆ. ಈ ಅಭ್ಯಾಸ ಒಮ್ಮೆ ಮೈಗೂಡಿದರೆ ಮುಂದೆ ಯಾವ ವಾಹನ ಹಿಡಿದರೂ ಬಿಡುವುದಿಲ್ಲ. ಓಮ್ನಿಯ ಕಾಲ ಮುಗಿಯುತ್ತಾ ಬಂದಿದೆ. 2012ರಿಂದ ಇರುವ ಎರ್ಟಿಗಾದಂಥ, ಮೂತಿಯೂ ಮೂರು ಸಾಲು ಸೀಟೂ ಇರುವ ಗಾಡಿಗಳು ಅದರ ಕೆಲಸವನ್ನು ವಹಿಸಿಕೊಂಡಿವೆ. ಹೊಸ ಗಾಡಿ ಕೊಳ್ಳುವ ದಿನ ಮನೆಯವರು ಬಣ್ಣ, ಬೆಲೆಗಳ ಜೊತೆಗೆ ಇನ್ನೊಂದನ್ನೂ ಕೇಳಲಿ: ಕೊನೆಯ ಸಾಲಿನಲ್ಲಿ ಕೂರುವ ಮಗುವಿಗೆ ಬೆಲ್ಟು ಹೇಗಿದೆ? ಆ ಪ್ರಶ್ನೆ ಕೇಳುವವರ ಕೈಯಲ್ಲಿ ಹಳೆಯ ವ್ಯಾನೂ ಇಷ್ಟು ವರ್ಷ ಜೋಪಾನವಾಗಿಯೇ ಓಡಿದ್ದಿರಬೇಕು.