ನಿಮಗಿದು ಗೊತ್ತೆ? ಕ್ಯಾರವಾನ್ ಎಳೆಯಲು ಬಲವೊಂದೇ ಸಾಲದು
ಬ್ರಿಟನ್ನಿನಲ್ಲಿ ರಜೆ ಬಂತೆಂದರೆ ಎಸ್‌ಯುವಿ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಹೊರಡುವ ಕುಟುಂಬಗಳು ಬಹಳ. ಎಳೆಯುವ ಕಾರಿಗೆ ಎಂಜಿನ್ ಬಲದಷ್ಟೇ ಸ್ವಂತ ತೂಕವೂ ಬೇಕು. ಸಾಮಾನು ತುಂಬಿದ ಕ್ಯಾರವಾನಿನ ತೂಕ ಕಾರಿನ ತೂಕದ ಶೇ 85ನ್ನು ಮೀರದಿರಲಿ ಎಂದು ಅಲ್ಲಿ ಹೊಸಬರಿಗೆ ಹೇಳುತ್ತಾರೆ, 2,000 ಕೆ.ಜಿ. ಕಾರಿಗೆ 1,700 ಕೆ.ಜಿ. ಒಳ್ಳೆಯ ಸಲಹೆಯೇ.

ಆದರೆ ಸಾಮಾನು ಎಲ್ಲಿಟ್ಟಿರಿ ಎಂಬುದೂ ಮುಖ್ಯ. ಭಾರವಾದದ್ದನ್ನೆಲ್ಲ ಹಿಂಬದಿಗೆ ತುಂಬಿದರೆ ಕೊಂಡಿಯ ಮೇಲಿನ ಒತ್ತಡ ತಗ್ಗಿ, ವೇಗ ಏರಿದಂತೆ ಕ್ಯಾರವಾನ್ ಅತ್ತಿತ್ತ ಬಳುಕತೊಡಗುತ್ತದೆ, ಕಾರನ್ನೂ ಎಳೆದಾಡುತ್ತದೆ. ಆಗ ಗಾಬರಿಯಿಂದ ಬ್ರೇಕ್ ಒತ್ತಲೇಬಾರದು. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಬೇಕು.

ಕ್ಯಾರವಾನ್ ಎಳೆಯುವ ಕಾರಿಗೆ ಅಲ್ಲಿನ ಮೋಟರ್‌ವೇಗಳಲ್ಲೂ ವೇಗಮಿತಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿ.ಮೀ.